ದಾವಣಗೆರೆಯಲ್ಲಿ ಗೂಡ್ಸ್ ರೈಲು ಹೋದರೆ ನೆಲ ನಡುಗುತ್ತದೆ. ಹಳಿ ಕೆಳಗಿನ ಮಣ್ಣಿನ ಮೇಲೆ ಬೀಳುವ ಒತ್ತಡವನ್ನು ಹೇಗೆ ಅಳೆಯುತ್ತಾರೆ?

ಜಲ್ಲಿಯ ಕೆಳಗಿನ ಮಣ್ಣಿನಲ್ಲಿ ಒಂದು ಚಪ್ಪಟೆ ತಟ್ಟೆಯನ್ನು ಹೂತಿಟ್ಟು ಅಳೆಯುತ್ತಾರೆ. ಎರಡು ಉಕ್ಕಿನ ತಗಡನ್ನು ರೊಟ್ಟಿಯಂತೆ ಒಂದರ ಮೇಲೊಂದು ಇಟ್ಟು, ಅಂಚಿಗೆ ವೆಲ್ಡಿಂಗ್ ಮಾಡಿ, ನಡುವೆ ಎಣ್ಣೆ ತುಂಬಿರುತ್ತಾರೆ. ಚಕ್ರ ಮೇಲೆ ಬಂದಾಗ ಮಣ್ಣು ತಟ್ಟೆಯನ್ನು ಒತ್ತುತ್ತದೆ, ಎಣ್ಣೆ ಸೆನ್ಸರನ್ನು ಒತ್ತುತ್ತದೆ. ರೈಲು ಓಡುತ್ತಿರುವುದರಿಂದ ಸೆಕೆಂಡಿಗೆ ನೂರಾರು ಸಲ ರೀಡಿಂಗ್ ಬೇಕು.

ತಟ್ಟೆ ಮೇಲ್ಗಡೆ ಇದ್ದರೆ ಗ್ರಾಫಿನಲ್ಲಿ ಒಂದೊಂದು ಜೋಡಿ ಚಕ್ರಕ್ಕೂ ಒಂದು ಗುಡ್ಡ ಕಾಣುತ್ತದೆ. ಆಳಕ್ಕೆ ಹೋದಂತೆ ಅಕ್ಕಪಕ್ಕದ ಗುಡ್ಡಗಳು ಕೂಡಿಕೊಂಡು ತಗ್ಗಾಗುತ್ತವೆ. ನಮ್ಮ ಗೂಡ್ಸ್ ವ್ಯಾಗನ್ನಿನ ಒಂದು ಜೋಡಿ ಚಕ್ರದ ಮೇಲೆ ಸಾಮಾನ್ಯವಾಗಿ 22.9 ಟನ್ ತನಕ ಭಾರ ಇರಬಹುದು. ಹಳಿ ಅದನ್ನು ತನ್ನ ಕೆಳಗಿನ ನಾಲ್ಕೈದು ಸ್ಲೀಪರ್‌ಗಳಿಗೆ (ಅಡ್ಡ ತೊಲೆಗಳಿಗೆ) ಹಂಚುತ್ತದೆ, ಜಲ್ಲಿ ಇನ್ನೂ ಅಗಲಕ್ಕೆ ಹರಡುತ್ತದೆ.

ನಿಜವಾದ ಕಷ್ಟ ಹೂಳುವುದರಲ್ಲಿದೆ. ಚಾಪೆ ಕೆಳಗೆ ಕಲ್ಲಿದ್ದರೆ ಬೆನ್ನಿನ ಭಾರವೆಲ್ಲ ಅದರ ಮೇಲೇ ಬೀಳುತ್ತದೆ ಅಲ್ವಾ? ಹಾಗೆಯೇ ತಟ್ಟೆ ಮಣ್ಣಿಗಿಂತ ಗಟ್ಟಿಯಿದ್ದರೆ ಸುತ್ತಲಿನ ಭಾರ ಎಳೆದುಕೊಂಡು ಜಾಸ್ತಿ ತೋರಿಸುತ್ತದೆ. ಮೇಲಿನ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದಿದ್ದರೆ ಭಾರ ಪಕ್ಕಕ್ಕೆ ಸರಿದು ಕಡಿಮೆ ತೋರಿಸುತ್ತದೆ. ಅದಕ್ಕೇ ಹೂಳುವ ಮುಂಚೆ ಅದೇ ಮಣ್ಣಿನಲ್ಲಿಟ್ಟು, ಗೊತ್ತಿರುವ ಭಾರ ಹೇರಿ ಪರೀಕ್ಷಿಸಬೇಕು.

ನಮ್ಮ ಕಡೆಯ ಎರೆ ಮಣ್ಣಿನಲ್ಲಿ ಸುಮ್ನೆ ಒತ್ತಡ ಅಳೆದರೆ ಸಾಲದು, ತೇವವನ್ನೂ ಅಳೆಯಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುವ ಮಣ್ಣು ಮಳೆಗಾಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಆಗ ಅದೇ ರೈಲಿಗೆ ಹಳಿ ಜಾಸ್ತಿ ಕುಸಿಯುತ್ತದೆ.