ಸಂಪಾದಕರ ಉತ್ತರ: ದಿನಸಿ ಮೊದಲು, ರೈಲು ಆಮೇಲೆ

ತಿಪಟೂರಿನ ಓದುಗರಿಗೆ ನಮಸ್ಕಾರ.

‘ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕಟ್ಟಿಸಿದವರು ದಿನಸಿ ವ್ಯಾಪಾರಿ ಎಂದು ಬರೆದಿದ್ದೀರಿ, ಅವರು ರೈಲ್ವೆ ಕುಬೇರ ಅಲ್ವಾ?’ ಎಂದು ಕೇಳಿದ್ದೀರಿ. ಎರಡೂ ನಿಜ. ದಿನಸಿ ಮೊದಲು, ರೈಲು ಆಮೇಲೆ.

ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್ ಓದಿದ್ದು ವಕೀಲಿ. ವಿಸ್ಕಾನ್ಸಿನ್‌ನಲ್ಲಿ ಕಚೇರಿ ಇಟ್ಟಿದ್ದರು. 1852ರಲ್ಲಿ ಬೆಂಕಿ ಬಿದ್ದು ಕಾನೂನು ಪುಸ್ತಕಗಳು ಸುಟ್ಟುಹೋದವು. ಅಣ್ಣತಮ್ಮಂದಿರು ಆಗಲೇ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರಕ್ಕಿಳಿದಿದ್ದರು. ಇವರೂ ಹೋಗಿ ಗುಡ್ಡದ ಮೇಲಿನ ಮಿಚಿಗನ್ ಬ್ಲಫ್ ಎಂಬ ಗಣಿ ಊರಿನಲ್ಲಿ ಅಂಗಡಿ ನಡೆಸಿದರು. ಆಮೇಲೆ ಸ್ಯಾಕ್ರಮೆಂಟೊಗೆ ಇಳಿದು ಸಗಟು ವ್ಯಾಪಾರ ಹಿಡಿದರು.

ಕೊಬ್ಬರಿ ಮಂಡಿಯ ಊರಿನವರಾದ ನಿಮಗೆ ಈ ವ್ಯಾಪಾರ ಬೇಗ ಅರ್ಥವಾಗುತ್ತದೆ. ಅಮೆರಿಕದ ಪೂರ್ವ ತೀರದಲ್ಲಿ ಹಡಗು ಹತ್ತಿದ ಸರಕು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಲು ಆಗ ತಿಂಗಳುಗಟ್ಟಲೆ ಬೇಕಿತ್ತು. ಅಲ್ಲಿಂದ ನದಿಯಲ್ಲಿ ಸ್ಟೀಮರ್, ಆಮೇಲೆ ಗುಡ್ಡಕ್ಕೆ ಗಾಡಿ, ಹೇಸರಗತ್ತೆ. ಅಷ್ಟರಲ್ಲಿ ಇನ್ನೆರಡು ಹಡಗು ಅದೇ ಮಾಲು ತಂದರೆ ದರ ಬಿತ್ತು. ಗುಡ್ಡದ ಚಿಲ್ಲರೆ ಅಂಗಡಿಯವರಿಗೆ ಉದ್ರಿ ಕೊಡಲೇಬೇಕು. ಗಣಿಯಲ್ಲಿ ಚಿನ್ನ ಸಿಗದಿದ್ದರೆ ಉದ್ರಿ ಮುಳುಗಿತು. ಹೀಗೆ ಒಂದು ಬಾಕಿಗೆ ಬದಲಾಗಿ ಸ್ಟ್ಯಾನ್‌ಫರ್ಡ್ ಕೈಗೆ ಸಟರ್ ಕ್ರೀಕ್‌ನ ಗಣಿಯೊಂದರ ಪಾಲು ಬಂತು. ಅದೃಷ್ಟ ನೋಡಿ, ಅದೇ ಮುಂದೆ ಒಳ್ಳೆ ಲಾಭ ಕೊಟ್ಟಿತು!

ಎಂಜಿನಿಯರ್ ಥಿಯೋಡರ್ ಜೂಡಾ ಪೂರ್ವದ ಕಡೆಗೆ ಬೆಟ್ಟ ದಾಟುವ ರೈಲಿನ ನಕ್ಷೆ ಹಿಡಿದು ಬಂದಾಗ ಸ್ಯಾನ್ ಫ್ರಾನ್ಸಿಸ್ಕೊದ ದುಡ್ಡಿನವರು ಗಂಟು ಬಿಚ್ಚಲಿಲ್ಲ. ಒಪ್ಪಿದ್ದು ಸ್ಯಾಕ್ರಮೆಂಟೊದ ಅಂಗಡಿ ಸಾಹುಕಾರರು. ಹಂಟಿಂಗ್ಟನ್, ಹಾಪ್ಕಿನ್ಸ್ ಅವರದು ಕಬ್ಬಿಣದ ಸಾಮಾನು, ಕ್ರಾಕರ್ ಅವರದು ಬಟ್ಟೆ, ಸ್ಟ್ಯಾನ್‌ಫರ್ಡ್ ಅವರದು ದಿನಸಿ. ಸಾಗಾಣಿಕೆಯ ಬಿಸಿ ಅವರಷ್ಟು ತಿಂದವರು ಇನ್ಯಾರು? 1861ರಲ್ಲಿ ಸೆಂಟ್ರಲ್ ಪೆಸಿಫಿಕ್ ರೈಲ್ವೆ ಕಂಪನಿ ಹುಟ್ಟಿತು. ಮರುವರ್ಷದ ಕಾಯ್ದೆಯಿಂದ ಸರ್ಕಾರದ ಸಾಲಪತ್ರ, ಜಮೀನೂ ಸಿಕ್ಕವು. ಸುಮ್ನೆ ಸಾಹಸ ಮಾಡಲಿಲ್ಲ, ಲೆಕ್ಕ ಹಾಕಿಯೇ ಇಳಿದರು ಅನ್ನಿ.

ಸ್ಟ್ಯಾನ್‌ಫರ್ಡ್ ಅವರನ್ನು ಹೊಗಳಿ ಅಟ್ಟಕ್ಕೇರಿಸಲು ನನಗೆ ಮನಸ್ಸಿಲ್ಲ. 1862ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದಾಗ ಸ್ಯಾಕ್ರಮೆಂಟೊ ಊರೆಲ್ಲ ಪ್ರವಾಹ, ಪ್ರಮಾಣವಚನಕ್ಕೆ ದೋಣಿಯಲ್ಲೇ ಹೋದರು. ಅಂದಿನ ಭಾಷಣದಲ್ಲಿ ಚೀನೀಯರು ಬರುವುದನ್ನು ತಡೆಯಬೇಕೆಂದರು. ಮುಂದೆ ಅವರ ಕಂಪನಿಗೆ ಬೆಟ್ಟ ಕೊರೆದುಕೊಟ್ಟವರು ಸಾವಿರಾರು ಚೀನೀ ಕೂಲಿಗಳು. ಹಳಿ 1869ರಲ್ಲಿ ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದ ಹಳಿಗೆ ಸೇರಿತು.

ನಿಮ್ಮ ಪತ್ರದ ಒಂದು ಮಾತು ತಿದ್ದಬೇಕು. ವಿಶ್ವವಿದ್ಯಾಲಯಕ್ಕೆ ಅವರು ತಮ್ಮದೇ ಹೆಸರಿಟ್ಟುಕೊಂಡರು ಎಂದಿದ್ದೀರಿ. ಅದು ಮಗ ಲೇಲ್ಯಾಂಡ್ ಜೂನಿಯರ್‌ನ ಹೆಸರು. 1884ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಟೈಫಾಯಿಡ್ ಆಗಿ ತೀರಿಕೊಂಡ. ಅವನಿಗಿನ್ನೂ 15 ವರ್ಷ.

– ಸಂ.