ಕೂಡಿಗೆಯಲ್ಲಿ ಜಾಗ ತೆಗೆದುಕೊಳ್ಳುವ ಮೊದಲು ನನ್ನ ಆರು ಕಾಟೇಜಿನ ಕಥೆ ಕೇಳಿ

ಮುಂದಿನ 30 ವರ್ಷಕ್ಕೆ ನಮ್ಮ ದೇಶದ ವಿಮಾನ ನಿಲ್ದಾಣಗಳು ಸಾಲುವುದಿಲ್ಲ, ಇರುವುದನ್ನೇ ದೊಡ್ಡದು ಮಾಡಬೇಕೋ, ಹೊಸದು ಕಟ್ಟಬೇಕೋ, ಕೊಡಗಿನಂಥ ಜಿಲ್ಲೆಗೂ ಒಂದು ಕೊಡಬೇಕೋ ಎಂದು ಕೇಳಿದ್ದೀರಿ. ಅಷ್ಟಾದ ಮೇಲೆ ಮೆಲ್ಲಗೆ ಒಂದು ಸಾಲು: ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಏರ್‌ಸ್ಟ್ರಿಪ್ ಬರುತ್ತದಂತೆ, ಪಕ್ಕದಲ್ಲಿ ಜಾಗ ನೋಡಿಟ್ಟಿದ್ದೇನೆ. ನಿಮ್ಮ ನಿಜವಾದ ಪ್ರಶ್ನೆ ಈ ಕೊನೆಯ ಸಾಲು, ಅಲ್ವಾ? ನನ್ನದೂ ಅದೇ ಆಗಿತ್ತು. ದೇಶದ ಹೆಸರು ಹೇಳಿಕೊಂಡು ಮನೆಯ ಲೆಕ್ಕ ಹಾಕುತ್ತಿದ್ದೆ.

ನನ್ನ ಮನೆ ವಿರಾಜಪೇಟೆಯಿಂದ ಸ್ವಲ್ಪ ದೂರ. ಅಪ್ಪನ ಕಾಲದ ರೊಬಸ್ಟಾ ಕಾಫಿ ತೋಟ, ಸಿಲ್ವರ್ ಓಕ್ ಮೇಲೆ ಒಳ್ಳೆಮೆಣಸು. ಜೊತೆಗೆ ಹಳೇ ಮನೆಯಲ್ಲಿ ಎರಡು ಕೋಣೆಯ ಹೋಂಸ್ಟೇ. ಅಡುಗೆ ಅವ್ವನದು. ಶನಿವಾರ ಭಾನುವಾರ ತುಂಬುತ್ತಿತ್ತು, ಉಳಿದ ದಿನ ನಾವೇ. ಚೆನ್ನಾಗಿಯೇ ಇದ್ದೆವು.

2016ರ ಫೆಬ್ರವರಿಯಲ್ಲಿ ಕಣ್ಣೂರು ವಿಮಾನ ನಿಲ್ದಾಣದಲ್ಲಿ ವಾಯುಪಡೆಯ ವಿಮಾನ ಪರೀಕ್ಷೆಗೆಂದು ಇಳಿಯಿತು. ಆ ಫೋಟೋವನ್ನು ಪೇಪರಿನಲ್ಲಿ ನೋಡಿದೆ. ಆ ನಿಲ್ದಾಣ ಇರುವ ಮಟ್ಟನೂರು ನಮ್ಮ ಮನೆಯಿಂದ 60 ಕಿಲೋಮೀಟರ್ ಆಸುಪಾಸು. ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದು, ಇರಿಟಿ ಹಾದರೆ ಬಂತು. ಬೆಂಗಳೂರಿನ ದೇವನಹಳ್ಳಿ ಇದರ ನಾಲ್ಕೈದು ಪಟ್ಟು ದೂರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೇಪರನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

2017ರಲ್ಲಿ ಒಂದೂವರೆ ಎಕರೆ ರೊಬಸ್ಟಾ ಕೀಳಿಸಿದೆ. ಮೆಣಸಿನ ಬಳ್ಳಿ ಇದ್ದ ಮರಗಳೂ ಹೋದವು. ಬ್ಯಾಂಕಿನಿಂದ 48 ಲಕ್ಷ ಸಾಲ. ಆರು ಕಾಟೇಜು, ಗಾಡಿ ನಿಲ್ಲಿಸಲು ಜಾಗ, ಮಕ್ಕಳು ಆಡುವಷ್ಟು ಒಂದು ಈಜುಕೊಳ. ಅತಿಥಿಗಳನ್ನು ಕರೆತರಲು ಎರಡು ಇನೋವಾ. ಅಪ್ಪ ಅಂಗಳದಲ್ಲಿ ನಿಂತು ನೋಡಿದರು. ‘ವಿಮಾನ ಇಳಿಯುವುದು ಮಟ್ಟನೂರಿನಲ್ಲಿ ಕಣೋ, ನಮ್ಮ ಕಣದಲ್ಲಿ ಅಲ್ಲ’ ಎಂದರು. ಕಾಫಿ ಒಣಗಿಸುವ ಕಣದ ಅರ್ಧಕ್ಕೆ ನಾನು ಆಗಲೇ ಇಂಟರ್‌ಲಾಕ್ ಹಾಸಿಬಿಟ್ಟಿದ್ದೆ.

ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಯಿತು. ಮೊದಲ ವಿಮಾನ ಅಬುಧಾಬಿಗೆ. ಆ ‘ಅಬುಧಾಬಿ’ ಎಂಬ ಮಾತಿನಲ್ಲೇ ನನ್ನ ಉತ್ತರ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಈಗ ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕಣ್ಣೂರಿನ ರನ್‌ವೇ 3,050 ಮೀಟರ್. ಮೈಸೂರಿನ ಮಂಡಕಳ್ಳಿಯದು 1,740. ಈ ಎರಡು ಅಂಕಿ ನನಗೆ ಬಾಯಿಪಾಠ. ಮಂಡಕಳ್ಳಿಗೆ 70 ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ ಅಷ್ಟೇ, ಕಣ್ಣೂರಿಗೆ ದೊಡ್ಡ ವಿಮಾನವೂ ಇಳಿಯುತ್ತದೆ, ಆದ್ದರಿಂದ ಜನ ಅಲ್ಲಿಗೇ ಬರುತ್ತಾರೆ. ಇದೇ ನನ್ನ ತರ್ಕ. ಕಾಂಕ್ರೀಟ್ ಉದ್ದ ಇದ್ದರೆ ಸಾಮರ್ಥ್ಯ ಇದೆ ಅಂದುಕೊಂಡೆ. ಆದರೆ ಅಲ್ಲಿ ಯಾರು ಇಳಿಯಬಹುದು ಎಂಬುದನ್ನು ರನ್‌ವೇ ತೀರ್ಮಾನಿಸುವುದಿಲ್ಲ. ವಿದೇಶಿ ಕಂಪನಿಗಳು ಭಾರತದ ಯಾವ ಊರಿಗೆ ಬರಬಹುದು ಎಂದು ದೇಶ ದೇಶದ ನಡುವೆ ಒಪ್ಪಂದ ಇರುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವ ಊರಿಗೆ ‘ಪಾಯಿಂಟ್ ಆಫ್ ಕಾಲ್’ ಅನ್ನುತ್ತಾರೆ. ಕಣ್ಣೂರಿಗೆ ಅದು ಸಿಗಲಿಲ್ಲ. ಹೆಸರು ಅಂತರರಾಷ್ಟ್ರೀಯ, ಆದರೆ ಹೊರದೇಶಕ್ಕೆ ಹಾರುವುದು ನಮ್ಮ ದೇಶದ ಕಂಪನಿಗಳು ಮಾತ್ರ. ದೊಡ್ಡ ವಿಮಾನಕ್ಕೆ ಜಾಗ ಇದೆ, ತರುವವರಿಗೆ ಅನುಮತಿ ಇಲ್ಲ. ಸಾಲದ ಅರ್ಜಿಗೆ ಸಹಿ ಹಾಕುವಾಗ ಈ ಮೂರು ಪದ ನಾನು ಕೇಳಿಯೇ ಇರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬೇರೆ ಅಲ್ಲ, ಅದೇ ತಪ್ಪಿನ ಬೇರು. ವಿಮಾನ ಇಳಿಯುವ ಕಡೆಯಿಂದ ಲೆಕ್ಕ ಹಾಕಿದೆ. ಪ್ರಯಾಣಿಕ ಹೊರಡುವ ಕಡೆಯಿಂದ ಹಾಕಲಿಲ್ಲ.

ನನ್ನ ಹೋಂಸ್ಟೇಗೆ ಬರುತ್ತಿದ್ದವರಲ್ಲಿ ಹತ್ತಕ್ಕೆ ಎಂಟು ಮಂದಿ ಬೆಂಗಳೂರಿನವರು. ಜಯನಗರದ ಒಂದು ಸಂಸಾರ ಅಂದುಕೊಳ್ಳಿ. ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ. ವಿಮಾನಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಬೇಕು. ಹಾರಾಟ ಒಂದು ಗಂಟೆ. ಬ್ಯಾಗ್ ಹಿಡಿದು ಹೊರಗೆ ಬರಲು ಅರ್ಧ ಗಂಟೆ. ಅಲ್ಲಿಂದ ಘಾಟಿ ಹತ್ತಿ ನಮ್ಮ ಮನೆಗೆ ಎರಡೂಕಾಲು ಗಂಟೆ, ಮಧ್ಯೆ ಯಾರಾದರೂ ವಾಂತಿ ಮಾಡಿದರೆ ಎರಡೂವರೆ. ಕೂಡಿ ನೋಡಿ, ಹತ್ತಿರ ಹತ್ತಿರ ಏಳು ಗಂಟೆ. ಅದೇ ಜನ ಕಾರು ಹತ್ತಿದರೆ ಆರು ಗಂಟೆಗೆ ನಮ್ಮ ಗೇಟಿನಲ್ಲಿ ಇರುತ್ತಾರೆ, ದಾರಿಯಲ್ಲಿ ಇಡ್ಲಿ ತಿಂದು. ಟಿಕೆಟ್ ದುಡ್ಡೂ ಉಳಿಯಿತು. ಮೇಲಾಗಿ ಕೊಡಗಿನಲ್ಲಿ ಸುತ್ತಲು ಕಾರು ಕೈಯಲ್ಲೇ ಇರುತ್ತದೆ.

ಇದು ಐದನೇ ಕ್ಲಾಸಿನ ಕೂಡುವ ಲೆಕ್ಕ. ಅದನ್ನು ಹಾಕದೆ ನಾನು ಗಿಡ ಕಿತ್ತೆ.

ಮುಂಬೈ, ಹೈದರಾಬಾದಿನವರು ಕಣ್ಣೂರಿಗೆ ಬಂದು ಇಳಿಯಲಿಲ್ಲವೇ ಎಂದರೆ, ಬಂದರು. ಬೆರಳೆಣಿಕೆ. ಟೂರಿಸ್ಟ್ ಒಂದೇ ಊರಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಇಳಿಯುತ್ತಾನೆ, ಮೈಸೂರು ಅರಮನೆ ನೋಡುತ್ತಾನೆ, ಬೈಲಕುಪ್ಪೆ, ದುಬಾರೆ ಅಂತ ಮಾಡಿಕೊಂಡು ಮಡಿಕೇರಿಗೆ ಬರುತ್ತಾನೆ. ಆ ದಾರಿಯಲ್ಲಿ ವಿರಾಜಪೇಟೆ ಕೊನೆಗೆ ಬರುತ್ತದೆ, ನಾನು ಅದನ್ನು ಹೆಬ್ಬಾಗಿಲು ಅಂದುಕೊಂಡಿದ್ದೆ. ಕಣ್ಣೂರಿನಲ್ಲಿ ಇಳಿದವರಲ್ಲಿ ಬಹಳ ಮಂದಿ ಗಲ್ಫ್‌ನಿಂದ ರಜೆಗೆ ಮನೆಗೆ ಬರುವವರು. ತಲಶ್ಶೇರಿಯಲ್ಲಿ ಅಮ್ಮ ಅಡುಗೆ ಮಾಡಿ ಕಾಯುತ್ತಿರುವಾಗ ಅವರು ನನ್ನ ಕಾಟೇಜಿಗೆ ಯಾಕೆ ಬರಬೇಕು?

ಕೇಳಿದವರಿಗೆಲ್ಲ ಮಳೆ ಮತ್ತು ಕೋವಿಡ್ ಕಾರಣ ಕೊಡುತ್ತಿದ್ದೆ. ಸುಳ್ಳೂ ಅಲ್ಲ. 2018ರ ಜೂನಿನಲ್ಲಿ ಮಾಕುಟ್ಟದಲ್ಲಿ ಗುಡ್ಡ ಜರಿದು ರಸ್ತೆ ಹೋಯಿತು. ಆಗಸ್ಟಿನ ಮಹಾಮಳೆ, ಭೂಕುಸಿತದ ಬಗ್ಗೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ, ಕೋವಿಡ್ ಬಂತೆಂದು ಕೇರಳದ ಗಡಿ ಮುಚ್ಚಲು, ಅದೇ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದರು. 2023ರ ಮೇ ತಿಂಗಳಲ್ಲಿ, ಕಣ್ಣೂರಿನಿಂದ ದೇಶದೊಳಗೆ ಹಾರುತ್ತಿದ್ದ ಒಂದು ಕಂಪನಿ ಹಾರಾಟವನ್ನೇ ನಿಲ್ಲಿಸಿತು. ಆದರೆ ಇದು ಯಾವುದೂ ಆಗದೇ ಇದ್ದರೂ ಜಯನಗರದವರಿಗೆ ಏಳು ಗಂಟೆ ಏಳೇ, ಆರು ಗಂಟೆ ಆರೇ.

ಗಾಯಕ್ಕೆ ಉಪ್ಪು ಬಿದ್ದದ್ದು 2024ರಲ್ಲಿ. ನಾನು ಗಿಡ ಕೀಳಿಸಿದ ಕಾಲದಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕಿಲೋ ಚೀಲಕ್ಕೆ ಮೂರೂವರೆ ಸಾವಿರದ ಸುತ್ತಮುತ್ತ ಇತ್ತು. 2024ರಲ್ಲಿ ಹತ್ತು ಸಾವಿರ ದಾಟಿತು. ಒಂದೂವರೆ ಎಕರೆಗೆ ನನ್ನ ತೋಟದಲ್ಲಿ 30 ಚೀಲ ಬರುತ್ತಿತ್ತು. ಪಕ್ಕದ ತೋಟದವರು ಆ ವರ್ಷ ಹೊಸ ಜೀಪು ತೆಗೆದುಕೊಂಡರು. ನಾನು ಎರಡನೇ ಇನೋವಾ ಮಾರಿದೆ. ತಿಂಗಳಿಗೆ 60 ಸಾವಿರ ಚಿಲ್ಲರೆ ಕಂತು ಇನ್ನೂ ನಡೆಯುತ್ತಿದೆ.

ಇನ್ನು ನಿಮ್ಮ ದೇಶದ ಪ್ರಶ್ನೆ. ‘ದೇಶದಲ್ಲಿ ಸಾಮರ್ಥ್ಯ ಸಾಲುವುದಿಲ್ಲ’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಸಾಲದಿರುವುದು ನಾಲ್ಕಾರು ದೊಡ್ಡ ಊರುಗಳಲ್ಲಿ, ಅದೂ ಬೆಳಗ್ಗೆ ಸಂಜೆ. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಒಂದೇ ಇದ್ದಂತೆ. ಅಲ್ಲಿ ನಿಜವಾಗಿಯೂ ಬೇಕಿತ್ತು. ನವಿ ಮುಂಬೈ ಮಾತು 1990ರ ದಶಕದ್ದು, ಉದ್ಘಾಟನೆ ಆದದ್ದು 2025ರ ಅಕ್ಟೋಬರಿನಲ್ಲಿ. ದೊಡ್ಡ ನಗರಕ್ಕೆ ಎರಡನೇ ನಿಲ್ದಾಣ ಬೇಕೆಂದರೆ ಜಾಗವನ್ನು ಒಂದು ತಲೆಮಾರು ಮೊದಲೇ ಹಿಡಿದಿಡಬೇಕು. ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಲಂಡನ್ನಿನ ಹೀಥ್ರೂಗೆ ಮೂರನೇ ರನ್‌ವೇ ಬೇಕೆಂದು ಅಲ್ಲಿನ ಆಯೋಗ 2015ರಲ್ಲಿ ಹೇಳಿತು, 2018ರಲ್ಲಿ ಪಾರ್ಲಿಮೆಂಟ್ ಒಪ್ಪಿತು. ರನ್‌ವೇ ಇನ್ನೂ ಆಗಿಲ್ಲ. ಅದೇ ಊರಿನ ಗ್ಯಾಟ್ವಿಕ್ ಒಂದೇ ರನ್‌ವೇಯಲ್ಲಿ ಗಂಟೆಗೆ 55 ವಿಮಾನ ಹತ್ತಿಸಿ ಇಳಿಸಿ ತೋರಿಸಿದೆ. ಮೊದಲು ಇರುವುದನ್ನು ಹಿಂಡಬೇಕು, ಆಮೇಲೆ ಮಣ್ಣು ಅಗೆಯಬೇಕು.

ಬೆಂಗಳೂರಿಗೂ ಎರಡನೆಯದು ಬೇಕು, ಅನುಮಾನ ಇಲ್ಲ. 2008ರಲ್ಲಿ ಶುರುವಾದ ನಿಲ್ದಾಣದಲ್ಲಿ 2024-25ರಲ್ಲಿ ನಾಲ್ಕು ಕೋಟಿಗೂ ಜಾಸ್ತಿ ಜನ ಓಡಾಡಿದ್ದಾರೆ. 25 ವರ್ಷ, ಅಂದರೆ 2033ರವರೆಗೆ, 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಎಂಬ ಷರತ್ತು ಒಪ್ಪಂದದಲ್ಲೇ ಇದೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಆ ವಿನಾಯಿತಿ ನಮ್ಮ ಪಾಲಿನ ಭಾಗ್ಯ, ಅದನ್ನು ಹಿಡಿಯದೆ ನಾವು ಕೂಡಿಗೆ ಕೂಡಿಗೆ ಅನ್ನುತ್ತಿದ್ದೇವೆ.

ಸಣ್ಣ ಊರಿಗೆಲ್ಲ ಒಂದೊಂದು ಎಂಬ ದಾರಿಯನ್ನು, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ನೋಡಿ ಆಗಿದೆ. ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತದೆ, ಆಮೇಲೆ ಕಂಪನಿಯೇ ನಡೆಸಬೇಕು. ಸರ್ಕಾರದ ಖರ್ಚು ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಲೆಕ್ಕ ಕೊಟ್ಟಿದೆ. ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದರಾಚೆಗೂ ನಡೆದದ್ದು 54. ನನ್ನ ಆರು ಕಾಟೇಜಿನ ಕಥೆಯೇ, ಸೊನ್ನೆ ಜಾಸ್ತಿ ಅಷ್ಟೇ.

ಕೂಡಿಗೆಗೆ ದಿನಕ್ಕೊಂದು ಎಟಿಆರ್ ಬಂತು ಅಂತಲೇ ಇಟ್ಟುಕೊಳ್ಳಿ. ತುಂಬಿ ಬಂದರೂ 70 ಜನ. ಒಂದೂವರೆ ಸರ್ಕಾರಿ ಬಸ್ಸು. ಅಷ್ಟು ಜನರನ್ನು ನಂಬಿ ಹೋಟೆಲ್ಲು ಕಟ್ಟುತ್ತೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೋಡದಲ್ಲಿ ಆ ವಿಮಾನ ಎಷ್ಟು ದಿನ ಇಳಿಯುತ್ತದೆ ಅಂತ ನೀವೇ ಊಹಿಸಿ. ಮಳೆಗಾಲದಲ್ಲಿ ಕಾಣುವುದಿಲ್ಲವೆಂದು ಮಂಗಳೂರಿನ ಬಜ್ಪೆಯಿಂದಲೇ ವಿಮಾನ ತಿರುಗಿ ಹೋಗುತ್ತವೆ, ಅಲ್ಲಿ ಸಲಕರಣೆಗೆ ಕೊರತೆ ಇಲ್ಲದಿದ್ದರೂ. ಗುಡ್ಡದ ತಲೆ ಕಡಿದು ಕಟ್ಟಿದ ರನ್‌ವೇಯಲ್ಲಿ ತಪ್ಪಿಗೆ ಜಾಗ ಇರುವುದಿಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನ ಹೋದರು.

ಕೊಡಗಿಗೆ ಬೇಕಾದದ್ದು ಮಂಡಕಳ್ಳಿಯ ರನ್‌ವೇ. ಅದನ್ನು 2,750 ಮೀಟರ್‌ಗೆ ಉದ್ದ ಮಾಡುವ ಯೋಜನೆ ಇದೆ. ಅಡ್ಡ ಇರುವುದು ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿ. ಅದನ್ನು ಸರಿಸಿ, ಮೈಸೂರು–ಕುಶಾಲನಗರ ಚತುಷ್ಪಥ ಮುಗಿಸಿ, ರೈಲನ್ನು ಕುಶಾಲನಗರದವರೆಗೆ ತಂದುಬಿಟ್ಟರೆ ಸಾಕು. ಹಳಿಯನ್ನೇ ಕಾಣದ ಜಿಲ್ಲೆ ನಮ್ಮದು, ನೆನಪಿರಲಿ. ಮಡಿಕೇರಿಯಲ್ಲಿ ರಾತ್ರಿಯೂ ಬಳಸಬಹುದಾದ ಒಂದು ಹೆಲಿಪ್ಯಾಡ್ ಇರಲಿ, ಹೃದಯಾಘಾತ ಆದವರನ್ನು ಮೈಸೂರಿಗೆ ಒಯ್ಯಲು. ಇದಕ್ಕೆ ಯಾರೂ ಫ್ಲೆಕ್ಸ್ ಹಾಕುವುದಿಲ್ಲ, ಜಾಗದ ಬ್ರೋಕರ್‌ಗೂ ಕಮಿಷನ್ ಹುಟ್ಟುವುದಿಲ್ಲ. ಆದ್ದರಿಂದಲೇ ಮಾತು ಏಳುವುದಿಲ್ಲ ಅಂತ ನನ್ನ ಗುಮಾನಿ.

ಈಗ ಮೂರು ಕಾಟೇಜು ಅತಿಥಿಗಳಿಗೆ. ಒಂದರಲ್ಲಿ ಕೆಲಸಕ್ಕೆ ಬಂದ ಅಸ್ಸಾಮಿನವರು ಇದ್ದಾರೆ. ಎರಡರಲ್ಲಿ ಚೆರಿ ಚೀಲ ಪೇರಿಸಿದ್ದೇನೆ. ಅವಕ್ಕೂ ಅಟ್ಯಾಚ್ಡ್ ಬಾತ್‌ರೂಮ್ ಇದೆ. ಈಜುಕೊಳಕ್ಕೆ ಮಣ್ಣು ತುಂಬಿಸಿ ಕಳೆದ ವರ್ಷ ಅದರ ಸುತ್ತ ರೊಬಸ್ಟಾ ಗಿಡ ನೆಟ್ಟೆ. ಫಸಲಿಗೆ ಇನ್ನೂ ಮೂರು ವರ್ಷ ಕಾಯಬೇಕು.

ಕೂಡಿಗೆ ಜಾಗಕ್ಕೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಕೆಳಗೆ ಹೇಳಿ. ಅದನ್ನು ವಾಪಸ್ ಕೇಳುವುದು ಹೇಗೆ ಅಂತ ಬೇರೆ ಉತ್ತರ ಬರೆಯುತ್ತೇನೆ. ಅದರಲ್ಲೂ ನನಗೆ ಅನುಭವ ಇದೆ.