ಬೇಸಿಗೆಯ ಕೊನೆಗೆ ಸೊರಗಿದ ಹೂದೋಟದಲ್ಲಿ ಏನು ಸುಖವಿದೆ?

ಬೇಸಿಗೆ ಮುಗಿಯುತ್ತಾ ಬಂದಿದೆ, ಗಿಡಗಳು ಉದ್ದುದ್ದ ಬೆಳೆದು ವಾಲಿವೆ, ಬುಡದ ಎಲೆಗಳು ಒಣಗಿವೆ, ದಿನವೂ ನೀರು ಹೊರುವುದೇ ಕೆಲಸವಾಗಿದೆ. ಇಂಥ ಹೊತ್ತಿನಲ್ಲೂ ಮನೆಯ ಹೂದೋಟದಿಂದ ಯಾರಿಗಾದರೂ ಖುಷಿ ಸಿಗುತ್ತದೆಯೇ, ಅಥವಾ ಎಲ್ಲವನ್ನೂ ಕಿತ್ತು ಹಾಕುವುದು ವಾಸಿಯೇ ಎಂದು ಕೇಳಿದ್ದೀರಿ. ನನಗೆ ಸಿಗುತ್ತದೆ. ಕೀಳುವ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ತೋಟವೂ ಈಗ ನೋಡಲು ಚೆನ್ನಾಗಿಲ್ಲ. ಜಿನ್ನಿಯಾದ ಕೆಳಗಿನ ಎಲೆಗಳ ಮೇಲೆ ಬೂದಿ ರೋಗದ ಬಿಳಿ ಪುಡಿ ಕೂತಿದೆ. ಕಾಸ್ಮಾಸ್ ಗಿಡಗಳು ಒಂದರ ಹೆಗಲ ಮೇಲೊಂದು ಒರಗಿವೆ. ಗುಲಾಬಿಯಂತೂ ಮುನಿಸಿಕೊಂಡು, ಕಾಸಿನಗಲದ ಎರಡು ಹೂ ಬಿಟ್ಟು ಸುಮ್ಮನಾಗಿದೆ. ಬಿಸಿಲು ಹೀಗೆ ಕಾದಿರುವಾಗ ಗುಲಾಬಿಯಿಂದ ಏನನ್ನೂ ನಿರೀಕ್ಷಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೋಟ ನಳನಳಿಸುತ್ತಿದ್ದ ದಿನಗಳಲ್ಲಿ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ, ಫೋಟೊ ತೆಗೆಯುತ್ತಿದ್ದೆ, ಒಂದು ಒಣಗಿದ ಎಲೆ ಕಂಡರೂ ನಾಚಿಕೆಯಾಗುತ್ತಿತ್ತು. ಈಗ ಯಾರಿಗೂ ತೋರಿಸುವ ಹಂಗಿಲ್ಲ. ಹಾಗಾಗಿ ಕುಕ್ಕರಗಾಲಿನಲ್ಲಿ ಕೂತು ಹತ್ತಿರದಿಂದ ನೋಡುವಷ್ಟು ಬಿಡುವು ಸಿಕ್ಕಿದೆ.

ಬೆಳಿಗ್ಗೆ ಎದ್ದ ಕೂಡಲೇ ಚಿಕ್ಕ ಕತ್ತರಿ ಹಿಡಿದು ಹೊರಗೆ ಹೋಗುತ್ತೇನೆ. ಬಾಡಿದ ಹೂಗಳನ್ನು ತೆಗೆಯುವುದು ದಿನದ ಮೊದಲ ಕೆಲಸ. ಗಿಡ ನಮ್ಮ ಕಣ್ಣಿಗಾಗಿ ಹೂ ಬಿಡುವುದಿಲ್ಲ, ಬೀಜಕ್ಕಾಗಿ ಬಿಡುತ್ತದೆ. ಒಂದೇ ಹಂಗಾಮು ಬದುಕುವ ಗಿಡಗಳು ಬೀಜ ಕಟ್ಟತೊಡಗಿದವೆಂದರೆ ಅವುಗಳ ಕಸುವೆಲ್ಲ ಅತ್ತಲೇ ಹರಿದು ಹೊಸ ಮೊಗ್ಗು ಕಡಿಮೆಯಾಗುತ್ತದೆ. ಬಾಡಿದ ಹೂವನ್ನು ಆಗಾಗ ತೆಗೆದರೆ, ಕೆಲಸ ಇನ್ನೂ ಮುಗಿದಿಲ್ಲವೆಂದು ಗಿಡ ಮತ್ತೆ ಮೊಗ್ಗಿಗೆ ಕೈ ಹಾಕುತ್ತದೆ. ಇದೊಂದು ಸಣ್ಣ ಮೋಸ, ಆದರೆ ನನ್ನ ಮನಸ್ಸಿಗೆ ಚುಚ್ಚಿಲ್ಲ. ಹೂವನ್ನಷ್ಟೇ ಚಿವುಟಿ ಬೋಳು ತೊಟ್ಟನ್ನು ಬಿಡಬೇಡಿ. ತೊಟ್ಟಿನಗುಂಟ ಬೆರಳನ್ನು ಕೆಳಗಿಳಿಸಿ, ಮೊದಲ ಜೋಡಿ ಎಲೆ ಸಿಕ್ಕಿದಲ್ಲಿ ಅದರ ಮೇಲೆ ಕತ್ತರಿಸಿ. ಜಿನ್ನಿಯಾದಲ್ಲಿ ಆ ಎರಡು ಎಲೆಗಳ ಕಂಕುಳಲ್ಲಿ ಸಾಸಿವೆಯಷ್ಟು ಹಸಿರು ಚಿಗುರು ಕಾದು ಕೂತಿರುತ್ತದೆ. ತುದಿ ಹೋಯಿತೆಂದರೆ ಎರಡೂ ಎದ್ದು ಬರುತ್ತವೆ, ಒಂದು ಹೂವಿದ್ದ ಕಡೆ ಎರಡಾಗುತ್ತವೆ. ಚೆಂಡುಹೂವಿನ ಸಾಲು ಮುಗಿಸುವ ಹೊತ್ತಿಗೆ ಬೆರಳುಗಳಿಗೆ ಅಂಟುವ ಆ ಖಾರವಾದ ವಾಸನೆ ಸೋಪು ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಮಧ್ಯಾಹ್ನ ಕೆಲಸದ ನಡುವೆ ಹಣೆ ಒರೆಸಿಕೊಂಡಾಗ ಥಟ್ಟನೆ ಮೂಗಿಗೆ ಬಂದು, ನಾನು ಕೂತ ಕುರ್ಚಿಯನ್ನೇ ಮರೆಸುತ್ತದೆ.

ನೀರು ಹೊರುವುದೇ ಕೆಲಸವಾಗಿದೆ ಎಂದಿರಲ್ಲ, ಅದರಲ್ಲಿ ಅರ್ಧ ಕೆಲಸ ಬೇಡದ್ದು. ನಾನು ಗಿಡ ಬೆಳೆಸಲು ಶುರು ಮಾಡಿದ ಮೊದಲ ವರ್ಷ ಒಂದು ಸೇವಂತಿಗೆಯನ್ನು ಪ್ರೀತಿಯಿಂದಲೇ ಕೊಂದೆ. ಮಧ್ಯಾಹ್ನ ನೋಡಿದರೆ ಎಲೆಗಳು ಜೋಲು ಬಿದ್ದಿರುತ್ತಿದ್ದವು. ಅಯ್ಯೋ ಪಾಪ ಎಂದು ಒಂದು ಚೊಂಬು ನೀರು. ಮರುದಿನವೂ ಜೋಲು, ಮತ್ತೊಂದು ಚೊಂಬು. ಹತ್ತು ಹನ್ನೆರಡು ದಿನಕ್ಕೆ ಗಿಡ ಪೂರ್ತಿ ಕುಸಿಯಿತು. ಕುಂಡ ಬೋರಲು ಹಾಕಿದರೆ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಕೊಳೆತು ನಾರುತ್ತಿದ್ದವು. ಕಡು ಬಿಸಿಲಿನಲ್ಲಿ ಎಲೆಗಳಿಂದ ನೀರು ಆವಿಯಾಗುವಷ್ಟು ಬೇಗ ಬೇರುಗಳಿಂದ ಅದನ್ನು ಮೇಲೆತ್ತಲು ಆಗುವುದಿಲ್ಲ, ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ನೆತ್ತಿಯ ಬಿಸಿಲು ಇಳಿದ ಮೇಲೆ ಅಂಥ ಗಿಡ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಈಗ ಮಧ್ಯಾಹ್ನ ಎಷ್ಟೇ ಜೋಲು ಬೀಳಲಿ, ಮೊದಲು ಎರಡು ಗೆಣ್ಣಿನವರೆಗೆ ಬೆರಳನ್ನು ಮಣ್ಣಿಗೆ ಇಳಿಸಿ ನೋಡುತ್ತೇನೆ. ತಂಪು ತಾಗಿದರೆ ಕೈ ಒರೆಸಿಕೊಂಡು ಒಳಗೆ ಬರುತ್ತೇನೆ. ಸಂಜೆ ಹೋಗಿ ನೋಡಿದಾಗ ಅದೇ ಗಿಡ ಏನೂ ಆಗದವರಂತೆ ಕತ್ತೆತ್ತಿ ನಿಂತಿರುತ್ತದೆ. ಏನೂ ಮಾಡದೆ ಗೆದ್ದ ಈ ಸಣ್ಣ ಗೆಲುವು ನನಗೆ ಇನ್ನೂ ಹಳತಾಗಿಲ್ಲ. ನೀರು ಹಾಕುವುದೇನಿದ್ದರೂ ಬೆಳಿಗ್ಗೆ ಬೇಗ, ಬುಡಕ್ಕೆ, ಕುಂಡದ ತಳದ ತೂತಿನಿಂದ ಇಳಿಯುವಷ್ಟು. ಮಣ್ಣಿನ ಮೇಲೆ ಒಣಗಿದ ಎಲೆ ಹೊದಿಸಿದರೆ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ.

ತೋಟಕ್ಕೆ ಅದರದೇ ವೇಳಾಪಟ್ಟಿ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1751ರಲ್ಲಿ, ಬೇರೆ ಬೇರೆ ಹೂಗಳು ಅರಳುವ ಮತ್ತು ಮುಚ್ಚುವ ಹೊತ್ತನ್ನು ಪಟ್ಟಿ ಮಾಡಿ ಹೂವಿನ ಗಡಿಯಾರದ ಕಲ್ಪನೆಯನ್ನು ಮುಂದಿಟ್ಟಿದ್ದ. ಅಷ್ಟು ದೊಡ್ಡ ಗಡಿಯಾರ ನಮಗೆ ಬೇಕಿಲ್ಲ, ಎರಡು ಮುಳ್ಳು ಸಾಕು. ಬೆಳಗಿನ ಮುಳ್ಳು ಟೇಬಲ್ ರೋಸ್, ದಪ್ಪ ರಸ ತುಂಬಿದ ಸಣ್ಣ ಎಲೆಗಳ ಆ ನೆಲಗಿಡ. ಬಿಸಿಲು ಚುರುಕಾದ ಮೇಲೇ ಅದು ಕಣ್ಣು ಬಿಡುತ್ತದೆ, ಮೋಡವಿದ್ದರೆ ಏಳುವುದೇ ಇಲ್ಲ. ಅರಳಿದ ಹೂವಿನ ನಡುವೆ ಇರುವ ಕೇಸರಗಳನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಒಂದು ಬದಿಗೆ ಸವರಿ ನೋಡಿ. ಅವು ನೀವು ಮುಟ್ಟಿದ ಕಡೆಗೇ ಬಾಗುತ್ತವೆ, ಕಣ್ಣೆದುರಿಗೇ. ಬಂದ ಕೀಟದ ಮೈಗೆ ಪರಾಗ ಮೆತ್ತಲು ಗಿಡ ಮಾಡಿಕೊಂಡ ಉಪಾಯ. ವರ್ಷಗಟ್ಟಲೆ ಈ ಗಿಡ ಬೆಳೆಸಿದವರಲ್ಲೂ ಅನೇಕರು ಇದನ್ನು ಗಮನಿಸಿರುವುದಿಲ್ಲ. ಸಂಜೆಯ ಮುಳ್ಳು ಸಂಜೆಮಲ್ಲಿಗೆ. ಬಿಸಿಲು ಇಳಿಯುತ್ತಿದ್ದಂತೆ, ಕೊಡೆ ಮಡಿಸಿಟ್ಟಂತಿದ್ದ ಮೊಗ್ಗುಗಳು ಬಿಚ್ಚಿಕೊಳ್ಳುತ್ತವೆ. ಕತ್ತಲಾದ ಮೇಲೆ ಬರುವ ಪತಂಗಗಳಿಗಾಗಿ ಆ ಸುಗಂಧ. ಮರುದಿನ ಬಿಸಿಲೇರುವ ಹೊತ್ತಿಗೆ ಆಟ ಮುಗಿದಿರುತ್ತದೆ. ಇಡೀ ದಿನ ಕೆಲಸಕ್ಕೆ ಹೋಗಿ ಬರುವವರಿಗೆ ಇದರಷ್ಟು ಒಗ್ಗುವ ಗಿಡ ಇನ್ನೊಂದಿಲ್ಲ, ನಾವು ಬರುವ ಹೊತ್ತಿಗೇ ಅದೂ ಬಾಗಿಲು ತೆಗೆಯುತ್ತದೆ.

ಕತ್ತಲು ಕವಿಯುವ ಮುನ್ನ ಇನ್ನೊಂದು ಸುತ್ತು ಹಾಕುತ್ತೇನೆ, ಮಲಗಿದವರನ್ನು ನೋಡುವುದಕ್ಕೆ. ತಮಾಷೆಯಲ್ಲ. ಗುಂಪಾಗಿ ಗೂಡು ಕಟ್ಟದೆ ಒಂಟಿಯಾಗಿ ಬದುಕುವ ಜೇನುನೊಣಗಳಲ್ಲಿ ಗೂಡು ಮಾಡುವುದು ಹೆಣ್ಣು, ಗಂಡುಗಳಿಗೆ ಮನೆಯಿಲ್ಲ. ಸಂಜೆಯಾದರೆ ಅವುಗಳಲ್ಲಿ ಹಲವು ಒಂದು ಒಣ ಕಡ್ಡಿಯನ್ನು ಹುಡುಕಿ, ದವಡೆಯಿಂದ ಕಚ್ಚಿ ಹಿಡಿದು, ಕಾಲು ಮುದುರಿಕೊಂಡು ರಾತ್ರಿ ಕಳೆಯುತ್ತವೆ. ನನ್ನ ಕಾಸ್ಮಾಸ್‌ನ ಸತ್ತ ಕಡ್ಡಿಯೊಂದರ ಮೇಲೆ ಕಳೆದ ವಾರ ನಾಲ್ಕು ಸಾಲಾಗಿ ನೇತಾಡುತ್ತಿದ್ದವು. ಬಾಗಿ ನೋಡಿದೆ. ಮೀಸೆಗಳು ಜೋತುಬಿದ್ದಿದ್ದವು, ಒಂದರ ಬೆನ್ನಿನ ರೋಮಕ್ಕೆ ಹಳದಿ ಪರಾಗ ಇನ್ನೂ ಅಂಟಿತ್ತು. ನನ್ನ ಉಸಿರು ತಾಗಿದ್ದಕ್ಕೋ ಏನೋ, ತುದಿಯಲ್ಲಿದ್ದದ್ದು ಹಿಂಗಾಲನ್ನೊಮ್ಮೆ ಚಾಚಿ ಮತ್ತೆ ಮಡಚಿಕೊಂಡಿತು. ಆ ಕಡ್ಡಿಯನ್ನು ಅಂದು ಬೆಳಿಗ್ಗೆಯೇ ಕತ್ತರಿಸಬೇಕೆಂದಿದ್ದವನು ನಾನು, ಸೋಮಾರಿತನದಿಂದ ಬಿಟ್ಟಿದ್ದೆ. ಈಗ ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ಇನ್ನೊಂದು ಮಾತು: ಗುಲಾಬಿ ಎಲೆಯ ಅಂಚಿನಲ್ಲಿ ಅಳೆದು ಕತ್ತರಿಸಿದಂತೆ ದುಂಡಗಿನ ಕಚ್ಚುಗಳು ಕಂಡರೆ ಔಷಧಿ ಹುಡುಕಲು ಹೋಗಬೇಡಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಆ ತುಣುಕುಗಳನ್ನು ಸುತ್ತಿಕೊಂಡು ಹೋಗಿ ಮೊಟ್ಟೆಯಿಡುವ ಕೋಣೆಗಳಿಗೆ ಹಾಸುತ್ತದೆ. ಗಿಡಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಹೂ ಕೊಡದ ನನ್ನ ಗುಲಾಬಿ ಈ ಮೂಲಕವಾದರೂ ಒಂದು ಸಂಸಾರಕ್ಕೆ ಉಪಯೋಗಕ್ಕೆ ಬಂತಲ್ಲ.

ಆದರೆ ಈ ಕಾಲದ ದೊಡ್ಡ ಸುಖ ಬೀಜದ್ದು. ನೀವು ಕೊಳಕೆಂದು ನೋಡುತ್ತಿರುವ ಆ ಒಣ ತಲೆಗಳೇ ಮುಂದಿನ ತೋಟ. ಹಾಗಾಗಿ ಬೆಳಗಿನ ಕತ್ತರಿ ಕೆಲಸದಲ್ಲಿ ಪ್ರತಿ ಬಗೆಯ ಗಿಡದಲ್ಲೂ ಚಂದದ ಎರಡು ಮೂರು ಹೂಗಳನ್ನು ಮುಟ್ಟದೆ ಗಿಡದಲ್ಲೇ ಒಣಗಲು ಬಿಡುತ್ತೇನೆ, ಗುರುತಿಗೆ ಒಂದು ದಾರ ಕಟ್ಟಿ. ಚೆಂಡುಹೂವಿನ ಒಣಗಿದ ಬಟ್ಟಲನ್ನು ಸೀಳಿದರೆ ಒಳಗೆ ಒತ್ತೊತ್ತಾಗಿ ಜೋಡಿಸಿದ ಕಪ್ಪು ಸೂಜಿಗಳು, ತುದಿಗೆ ಒಣಹುಲ್ಲಿನ ಬಣ್ಣದ ಕುಚ್ಚು. ಸಂಜೆಮಲ್ಲಿಗೆಯದು ಕಾಳುಮೆಣಸನ್ನೇ ಹೋಲುವ ಸುಕ್ಕು ಬೀಜ. ವಿಷದ್ದು, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಶಂಖಪುಷ್ಪದ ಕಾಯಿ ಒಣಗಿ ಗರಿಗರಿಯಾದ ಮೇಲೆ ತಿರುಚಿಕೊಂಡು ತಾನಾಗಿಯೇ ಸೀಳಿಹೋಗುತ್ತದೆ, ಆ ದಿನಕ್ಕಿಂತ ಒಂದು ದಿನ ಮೊದಲು ನಾವು ಎಚ್ಚರವಾಗಿರಬೇಕು. ಕರ್ಣಕುಂಡಲದ್ದು ಇನ್ನೂ ಅವಸರ. ಉಬ್ಬಿದ ಹಸಿರು ಕಾಯಿಯನ್ನು ಬೆರಳು ಸೋಕಿದರೆ ಸಾಕು, ಪಟ್ಟನೆ ಸಿಡಿದು ಗೋಡೆಗಳು ಒಳಕ್ಕೆ ಸುರುಳಿಯಾಗಿ ಬೀಜಗಳನ್ನು ದೂರ ಚಿಮ್ಮಿಸುತ್ತವೆ. ಅದರ ಕುಲಕ್ಕೆ ಸಸ್ಯಶಾಸ್ತ್ರದಲ್ಲಿರುವ ಇಂಪೇಷಿಯನ್ಸ್ ಎಂಬ ಲ್ಯಾಟಿನ್ ಹೆಸರಿಗೆ ತಾಳ್ಮೆಯಿಲ್ಲದ್ದು ಎಂದೇ ಅರ್ಥ. ಪಕ್ಕದ ಮನೆಯ ಹುಡುಗಿಯೊಬ್ಬಳು ಈ ಕಾಯಿ ಸಿಡಿಸುವುದಕ್ಕೆಂದೇ ಬರುತ್ತಾಳೆ. ನಾನು ಕೆಳಗೆ ಅಂಗೈ ಒಡ್ಡಬೇಕು, ಅವಳು ಮುಟ್ಟಬೇಕು, ಅದು ಒಪ್ಪಂದ. ಮೂರರಲ್ಲಿ ಎರಡು ಸಲ ಬೀಜ ನನ್ನ ಕೈಗೆ ಬೀಳದೆ ಮುಖಕ್ಕೆ ಹೊಡೆಯುತ್ತದೆ, ಅವಳಿಗೆ ಬೇಕಾದದ್ದೂ ಅದೇ.

ಆರಿಸಿದ ಬೀಜವನ್ನು ನೆರಳಲ್ಲಿ ಕೆಲವು ದಿನ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡುತ್ತೇನೆ, ಹೆಸರು ಮತ್ತು ಬಣ್ಣ ಬರೆದು. ಪ್ಲಾಸ್ಟಿಕ್ಕಿನಲ್ಲಿ ಉಳಿದ ತೇವಕ್ಕೆ ಬೂಸರು ಹಿಡಿಯುತ್ತದೆ. ಬಣ್ಣ ಬರೆದರೂ ಅದೇ ಬರುತ್ತದೆಂಬ ಖಾತರಿಯಿಲ್ಲ, ಜೇನುಗಳು ಊರೆಲ್ಲ ಸುತ್ತಿ ಬಂದಿರುತ್ತವೆ. ಹೋದ ಸಲ ಕಡುಗೆಂಪು ಎಂದು ಬರೆದ ಪೊಟ್ಟಣದಿಂದ ನನಗೆ ಕಿತ್ತಳೆಯೂ ಒಂದು ಪೆಚ್ಚು ಗುಲಾಬಿ ಬಣ್ಣವೂ ಬಂದವು. ಆ ಪೆಚ್ಚು ಬಣ್ಣದ್ದಕ್ಕೇ ಈ ಸಲ ದಾರ ಕಟ್ಟಿದ್ದೇನೆ.

ಇನ್ನು ಕೀಳುವ ವಿಚಾರ. ಎಲ್ಲವನ್ನೂ ಕೀಳಬೇಡಿ. ಜಿನ್ನಿಯಾ, ಕಾಸ್ಮಾಸ್ ಉದ್ದವಾಗಿ ವಾಲಿದ್ದರೆ ಎತ್ತರದಲ್ಲಿ ಮೂರನೇ ಒಂದು ಭಾಗದಷ್ಟು ಕತ್ತರಿಸಿ, ಉಳಿದದ್ದಕ್ಕೆ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ. ಬುಡದಲ್ಲಿ ಹಸಿರು ಚಿಗುರು ಇರುವ ಗಿಡಗಳು ಕೆಲವು ವಾರಗಳಲ್ಲಿ ಮತ್ತೆ ಹೂ ಬಿಡುತ್ತವೆ. ಬೂದಿ ಹಿಡಿದ ಎಲೆಗಳನ್ನು ಕಿತ್ತು ತೋಟದಿಂದ ಆಚೆ ಹಾಕಿ. ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಸುರಿಯಬೇಡಿ, ಸೊಪ್ಪು ಬೆಳೆದು ಹೂ ಹಿಂದೆ ಬೀಳುತ್ತದೆ. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರು ಕಂಡರೆ ಜೀವವಿದೆ. ಬುಡದವರೆಗೂ ಕಂದು ಬಣ್ಣಕ್ಕೆ ತಿರುಗಿದ್ದನ್ನು ಮಾತ್ರ ಕೀಳಿ, ಅದನ್ನೂ ಸಂಜೆ ಕೀಳಬೇಡಿ. ಕಡ್ಡಿಯ ಮೇಲೆ ಯಾರಾದರೂ ಮಲಗಿರಬಹುದು.